ಎರಡನೆಯ ‘ಖಾಲಿ’

ಆ ಭಾನುವಾರ ಬಂದೂಕಿನ ಕ್ಲಬ್ಬು ಮುಗಿಸಿ ಬರುವಾಗ ಮಲಾಡ್ ಸ್ಟೇಷನ್ನಿನ ಹೊರಗೆ ಬೋರೆಹಣ್ಣು ಬಂದಿತ್ತು. ಹಸಿವಾಗಿದೆ, ವಡೆ ತಿನ್ನೋಣ ಎಂದರೆ ನನ್ನ ಹೆಂಡತಿ ಸುಶೀಲಾ ಕೇಳಲಿಲ್ಲ. ಕಾಲು ಕಿಲೋ ಬೋರೆಹಣ್ಣು ಕಾಗದದಲ್ಲಿ ಕಟ್ಟಿಸಿಕೊಂಡಳು. ಮಧ್ಯಾಹ್ನದ ಲೋಕಲ್ ಖಾಲಿಯಿತ್ತು. ಇಡೀ ವಾರದಲ್ಲಿ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದುದು ಅದೊಂದೇ ಪ್ರಯಾಣದಲ್ಲಿ. (ಉಳಿದ ದಿನ ಅವಳದು ಲೇಡೀಸ್ ಡಬ್ಬಿ, ನನ್ನದು ಬಾಗಿಲಿನ ಕಂಬಿ.)

ಗೋರೆಗಾಂವ್ ದಾಟಿದ ಮೇಲೆ ಅವಳು ಮಾತು ತೆಗೆದಳು.

“ಮೂರನೇ ಬಂದೂಕು ಇವತ್ತ ನೀವು ನೋಡ್ಲೇ ಇಲ್ರಿ.”

ನೋಡಿದೆನಲ್ಲ ಎಂದೆ.

“ಬಾಯಿಲೆ ನೋಡಿದ್ರಿ. ಖಾಲಿ ಅಂದ್ರಿ, ಮುಂದ ಹೋದ್ರಿ. ನಾ ನಿಮ್ಮ ಎದುರಿಗೇ ನಿಂತಿದ್ನೆಲ್ಲ. ನಿಮ್ಮ ಕಣ್ಣು ಗುಡ್ಡದ ಮ್ಯಾಲಿತ್ತು.”

“ನೀ ಹಿಂದ ಇದ್ದೀಯಲ್ಲ. ನನಗ್ಯಾಕ ಚಿಂತಿ?”

ಅವಳು ನಗಲಿಲ್ಲ. ಒಂದು ಬೋರೆಹಣ್ಣನ್ನು ನನ್ನ ಅಂಗೈಯಲ್ಲಿಟ್ಟು, “ಹುಳ ಐತೇನು ನೋಡಿ ತಿನ್ರಿ. ಇದನ್ನರ ನೋಡ್ರಿ” ಎಂದಳು.

ಯುದ್ಧ ಮುಗಿದು ಆಗಷ್ಟೇ ಒಂದು ತಿಂಗಳಾಗಿತ್ತು. ಪರೇಲಿನ ನಮ್ಮ ಚಾಳಿನ ಕಿಟಕಿಗಳಲ್ಲಿ ಬ್ಲ್ಯಾಕೌಟಿನ ಕಪ್ಪು ಕಾಗದ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ಸಂಜೆ ಅವಳು ಸ್ಟೂಲು ಹತ್ತಿ, ಉಗುರಿನಿಂದ ಕೆರೆದು ಕೆರೆದು ಒಂದು ಗಾಜಿನದಷ್ಟನ್ನು ತೆಗೆದಳು. ಉಳಿದದ್ದು ಮುಂದಿನ ಭಾನುವಾರ ಎಂದಳು.

ಸೋಮವಾರ ಬೆಳಿಗ್ಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಕಿವಿಗೆ ಸಿಕ್ಕಿಸಿಕೊಂಡ ಹೆಡ್‌ಫೋನ್ ಕೂಡ ತೆಗೆಯದೆ, ಕುರ್ಚಿಯಿಂದ ಪಕ್ಕಕ್ಕೆ ವಾಲಿದಳಂತೆ. ತಲೆಯೊಳಗೆ ನರ ಒಡೆದಿದೆ ಎಂದರು ಡಾಕ್ಟರು. ಮಂಗಳವಾರ ಒಮ್ಮೆ ಕಣ್ಣು ತೆರೆದಳು. ಬುಧವಾರ ಅವಳಿರಲಿಲ್ಲ.

ಈ ಅಂಕಣ ಓದುವ ನಿಮಗೆ ಅವಳು ಗೊತ್ತು. ನಲ್ಲಿ ನೀರಿನ ಜಗಳದಲ್ಲಿ, ರೇಷನ್ ಕ್ಯೂನಲ್ಲಿ, ಗಣಪತಿ ವರ್ಗಣಿ ಕೇಳಲು ಬಂದವರ ಮುಂದೆ ‘ನಮ್ಮ ಮನೆಯವರು’ ಎಂದು ಬಂದು, ನನ್ನನ್ನು ನಾಲ್ಕು ಮಾತು ಅಂದು ಹೋಗುತ್ತಿದ್ದವಳು ಅವಳೇ. ಅವಳು ಹೋಗಿ ನಾಲ್ಕು ತಿಂಗಳು ಮೀರಿತು. ಈ ನಾಲ್ಕು ತಿಂಗಳಲ್ಲಿ ಒಂದು ವಾರವೂ ನಾನು ನಿಮಗೆ ಅದನ್ನು ಹೇಳಲಿಲ್ಲ.

ಹೇಳದಿದ್ದುದಷ್ಟೇ ಅಲ್ಲ. ಯುಗಾದಿಯ ವಾರ ‘ಮನೆಯವರ ಹೋಳಿಗೆ ಈ ಸಲ ಸ್ವಲ್ಪ ಗಟ್ಟಿಯಾಯಿತು’ ಎಂದು ಬರೆದೆ. ನೆನಪಿದೆಯೇ? ಧಾರಾವಿಯ ಓದುಗರೊಬ್ಬರು, ಅಕ್ಕನವರ ಹೋಳಿಗೆಯನ್ನು ಪೇಪರಿನಲ್ಲಿ ಬೈಯಬೇಡಿ, ಅವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಕಾರ್ಡು ಹಾಕಿದ್ದರು. ಆ ಕಾರ್ಡನ್ನು ಅವಳ ಊಟದ ತಾಟಿನ ಕೆಳಗೆ ಇಟ್ಟಿದ್ದೇನೆ. ಬೇರೆ ಎಲ್ಲಿ ಇಡಲಿ?

ಸುಳ್ಳು ಬರೆದೆನೇ? ಹೌದು. ಆದರೆ ಬರೆಯುವಾಗ ಅದು ಸುಳ್ಳು ಅನಿಸಲಿಲ್ಲ. ನನಗೆ ಭಯವಾದದ್ದು ಇದೇ ಕಾರಣಕ್ಕೆ. ಎರಡು ವಾರದ ಹಿಂದಿನ ಒಂದು ಭಾನುವಾರದ ಸಂಗತಿ ಹೇಳಿದರೆ ನಿಮಗೆ ಅರ್ಥವಾದೀತು.

ಮಲಾಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಅರ್ಧ ಗಂಟೆ ನಡೆದರೆ ಗುಡ್ಡದ ಬುಡದಲ್ಲಿ ಒಂದು ರೈಫಲ್ ಕ್ಲಬ್ಬಿದೆ. ಕ್ಲಬ್ಬು ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ತಗಡಿನ ಶೆಡ್, ಆರು ಚಾಪೆ, ಆರು ಪಾಯಿಂಟ್ ಟೂ-ಟೂ ರೈಫಲ್, ಎದುರಿಗೆ ಮಣ್ಣಿನ ದಿಬ್ಬ. ಶನಿವಾರ ಮಧ್ಯಾಹ್ನ ಪಾಠ, ಭಾನುವಾರ ಬೆಳಿಗ್ಗೆ ಗುಂಡು. ನಾಗರಿಕರಿಗೂ ಬಂದೂಕು ಹಿಡಿಯಲು ಬರಲಿ ಎಂದು ಹಿಂದಿನ ಯುದ್ಧದ ಹೊತ್ತಿನಲ್ಲಿ ಶುರುವಾದದ್ದು. ಅಲ್ಲಿ ಕಲಿಸುವವರಿಗೆ ಸಂಬಳವಿಲ್ಲ, ಚಹಾ ಇದೆ.

ಮೊದಲು ಹೋದವಳು ಸುಶೀಲಾ. ಎಕ್ಸ್‌ಚೇಂಜಿನ ಐದಾರು ಹೆಂಗಸರು ಹೆಸರು ಕೊಟ್ಟರು, ಇವಳೂ ಕೊಟ್ಟಳು. ನಾನು ಹೋದದ್ದು ಟಿಫಿನ್ ಹಿಡಿದುಕೊಂಡು. ಮೂರನೆಯ ವಾರ, ಶೆಡ್ಡಿನಲ್ಲಿ ಕೂತು ಪೇಪರ್ ಓದುತ್ತಿದ್ದ ನನ್ನನ್ನು ಕ್ಲಬ್ಬಿನ ಯಜಮಾನರಾದ ಸುಬೇದಾರ್ ಸಾಹೇಬರು ನೋಡಿದರು. (ರಿಟೈರ್ ಆದ ಸೈನಿಕರು, ಸಾತಾರಾ ಕಡೆಯವರು. ಪೇಪರ್ ಓದುವವರನ್ನೆಲ್ಲ ‘ಮಾಸ್ತರ್’ ಎನ್ನುತ್ತಾರೆ. ನಾನು ಗಿರಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತ ಎಂದು ಎಷ್ಟು ಸಲ ಹೇಳಿದರೂ ಮಾಸ್ತರೇ ಉಳಿದೆ.) ಟಿಫಿನ್ ಯಾರೂ ಕದಿಯುವುದಿಲ್ಲ, ಬಂದು ಚಾಪೆಯ ಮೇಲೆ ಮಲಗಿ ಎಂದರು. ಹಾಗೆ ಮಲಗಿದವನು ಕೆಲವು ವರ್ಷಗಳಲ್ಲಿ ಕಲಿಸುವವನಾದೆ. ಅವಳು ನನಗಿಂತ ಮೊದಲೇ ಆಗಿದ್ದಳು. ಗುರಿಯೂ ಅವಳದೇ ಚೆನ್ನ. ಇದನ್ನು ಅವಳಿದ್ದಾಗ ಬರೆಯಬೇಕಿತ್ತು.

ಅಲ್ಲಿನ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಗುಂಡು ಹಾರಿಸುವುದು ಮುಗಿಯಿತು ಎಂದು ಸೀಟಿ ಊದಿದ ಮೇಲೆ ಎಲ್ಲರೂ ಬೋಲ್ಟ್, ಅಂದರೆ ಹಿಂಬದಿಯ ಅಗುಳಿ, ತೆರೆದು ಬಂದೂಕು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಕಲಿಸುವವನೊಬ್ಬ ಒಂದೊಂದೇ ಬಂದೂಕಿನ ಹತ್ತಿರ ಹೋಗಿ, ಬಾಗಿ, ಗುಂಡು ಕೂರುವ ಗೂಡನ್ನು ನೋಡಬೇಕು. ಕಣ್ಣಿನಿಂದ ನೋಡಿದರೆ ಸಾಲದು, ಕಿರುಬೆರಳ ತುದಿಯಿಂದ ಮುಟ್ಟಬೇಕು. ತೂತು ಸಿಕ್ಕರೆ ಖಾಲಿ. ಹಿತ್ತಾಳೆ ಸಿಕ್ಕರೆ ಒಳಗೆ ಗುಂಡಿದೆ. ನೋಡಿ, ಮುಟ್ಟಿ, ಗಟ್ಟಿಯಾಗಿ ‘ಖಾಲಿ’ ಎನ್ನಬೇಕು. ಆಮೇಲೆ ಇನ್ನೊಬ್ಬರು ಎದುರು ಬದಿಯಿಂದ ಬಂದು, ಮೊದಲಿನವನು ಹೇಳಿದ್ದನ್ನು ನಂಬದೆ, ತಾವೇ ನೋಡಿ, ತಾವೇ ಮುಟ್ಟಿ, ತಿರುಗಿ ಹೇಳಬೇಕು. ಎರಡನೆಯ ಮಾತು ಬಿದ್ದ ಮೇಲೆಯೇ ಬೋಲ್ಟ್ ಮುಚ್ಚುವುದು, ಬಂದೂಕನ್ನು ಹಾರಿಸಿದವರ ಕೈಗೆ ಕೊಡುವುದು. ಅವರು ಅದನ್ನು ಶೆಡ್ಡಿಗೆ ಒಯ್ದು, ಸ್ಪ್ರಿಂಗ್ ಸಡಿಲಾಗಲಿ ಎಂದು ಒಮ್ಮೆ ಕುದುರೆ (ಟ್ರಿಗರ್) ಒತ್ತಿ, ಟಕ್ ಎನಿಸಿ, ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ.

ಶೆಡ್ಡಿನಲ್ಲಿ ಆ ಹೊತ್ತಿಗೆ ಎಲ್ಲರೂ ಚಹಾ ಕುಡಿಯುತ್ತಿರುತ್ತಾರೆ. ಎರಡನೆಯ ಮಾತು ಯಾಕೆ ಬೇಕು ಎಂದು ಇನ್ನು ಬಿಡಿಸಿ ಹೇಳಬೇಕೇ?

ಮೊದಲಿನವನು ನಾನು, ಎರಡನೆಯವಳು ಅವಳು. ನಾನು ‘ಖಾಲಿ’ ಎಂದರೆ ಅವಳು ‘ಖಾಲಿ ಐತಿ’ ಎನ್ನುತ್ತಿದ್ದಳು. ಹೇಳಿದ ನಂಬರನ್ನು ತಿರುಗಿ ಹೇಳುವುದು ಟೆಲಿಫೋನಿನವರಿಗೆ ರೂಢಿ. ಕಲಿಯಲು ಬಂದ ಗುಜರಾತಿಗಳು, ಮರಾಠಿಗಳು, ಸಿಂಧಿಗಳು ಎಲ್ಲರೂ ಇದೇ ಸರಿಯಾದ ಮಿಲಿಟರಿ ಮಾತು ಎಂದು ತಿಳಿದು ‘ಖಾಲಿ ಐತಿ’ ಎಂದೇ ಕಲಿತರು. ಬಾಗಲಕೋಟೆಯ ಮಾತು ಮಲಾಡಿನ ಗುಡ್ಡದಲ್ಲಿ ಹೀಗೆ ಬೇರು ಬಿಟ್ಟಿತ್ತು.

ಅವಳು ಹೋದ ಮೇಲೆ ಮೂರು ಭಾನುವಾರ ನಾನು ಹೋಗಲಿಲ್ಲ. ನಾಲ್ಕನೆಯದಕ್ಕೆ ಹೋದೆ. ನಮಗೆ ಮಕ್ಕಳಿಲ್ಲ. ಭಾನುವಾರ ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ಕೂತು ಏನು ಮಾಡಲಿ? ಸುಬೇದಾರ್ ಸಾಹೇಬರು ಸಮಾಧಾನದ ಮಾತು ಆಡುವವರಲ್ಲ. ನನ್ನ ಕೈಗೆ ಸೀಟಿ ಕೊಟ್ಟರು. ಕೆಲವು ವಾರ ತಾವೇ ಎರಡನೆಯವರಾಗಿ ನಿಂತರು. ಆಮೇಲೆ ಅವರ ಮಂಡಿ ಊದಿತು, ಬಾಗಲಾಗದೆ ಶೆಡ್ಡಿನ ಕುರ್ಚಿ ಹಿಡಿದರು. ಹಳಬರಲ್ಲಿ ಯಾರನ್ನಾದರೂ ಎರಡನೆಯವರಾಗಿ ತೆಗೆದುಕೊಳ್ಳಿ ಮಾಸ್ತರ್ ಎಂದರು. ಆಗಲಿ ಎಂದೆ.

ತೆಗೆದುಕೊಳ್ಳಲಿಲ್ಲ. ಬೇರೆಯವರನ್ನು ಆ ಜಾಗದಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲ, ಅಷ್ಟೇ. ನಾನೇ ಈ ಬದಿಯಿಂದ ಒಮ್ಮೆ ನೋಡಿ ‘ಖಾಲಿ’ ಎನ್ನುತ್ತಿದ್ದೆ, ಆ ಬದಿಗೆ ಹೋಗಿ ಇನ್ನೊಮ್ಮೆ ನೋಡಿ ‘ಖಾಲಿ ಐತಿ’ ಎನ್ನುತ್ತಿದ್ದೆ. ಶೆಡ್ಡಿನಲ್ಲಿ ಕೂತ ಸಾಹೇಬರಿಗೆ ಎರಡು ಮಾತು ಕೇಳಿಸುತ್ತಿತ್ತು. ಯಾರೋ ಇದ್ದಾರೆ ಎಂದುಕೊಂಡರು. ಕೆಲವು ವಾರದ ಮೇಲೆ ಆ ಬದಿಗೆ ಹೋಗುವುದನ್ನು ಬಿಟ್ಟೆ, ನಿಂತಲ್ಲೇ ಎರಡು ಸಲ ಹೇಳತೊಡಗಿದೆ.

ಗಿರಣಿಯಲ್ಲಿ ಇಂಥದ್ದನ್ನು ದಿನಾ ನೋಡುವವನು ನಾನು. ಬಾರದವನ ನಂಬರು ಕೂಗಿದಾಗ ಅವನ ಗೆಳೆಯ ಹಿಂದಿನಿಂದ ‘ಹಾಜರ್’ ಎನ್ನುತ್ತಾನೆ. ದನಿ ಬೇರೆ ಎಂದು ನನಗೆ ಗೊತ್ತಾಗುತ್ತದೆ. ತಲೆ ಎತ್ತದೆ ಬರೆದುಕೊಳ್ಳುತ್ತೇನೆ. ಪಾಪ, ಮನೆಯಲ್ಲಿ ಏನು ತೊಂದರೆಯೋ ಎನಿಸುತ್ತದೆ. ಆದರೆ ನಾನೇ ಒಬ್ಬರ ಪರವಾಗಿ ಹಾಜರ್ ಹೇಳುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ಈಗ ಆ ಭಾನುವಾರ. ಮೇ ತಿಂಗಳ ಬಿಸಿಲು, ಅಂಗಿ ಬೆನ್ನಿಗೆ ಅಂಟಿತ್ತು. ಹೊಸ ಬ್ಯಾಚು. ಅದರಲ್ಲಿ ಒಬ್ಬ ಉಡುಪಿ ಹೋಟೆಲಿನ ಮ್ಯಾನೇಜರು ಇದ್ದರು. ಗುರಿ ಇಡುವಾಗ ಯಾವಾಗಲೂ ತಪ್ಪು ಕಣ್ಣು ಮುಚ್ಚುತ್ತಿದ್ದರು, ಗುಂಡು ಎಲ್ಲಿ ಹೋಯಿತೆಂದು ಪಕ್ಕದವರನ್ನು ಕೇಳುತ್ತಿದ್ದರು. ನಾಲ್ಕನೆಯ ಚಾಪೆಯಲ್ಲಿ ಲತಾ ಎಂಬ ಕಾಲೇಜು ಹುಡುಗಿ. ಅಪ್ಪ ಅಮ್ಮ ಮಂಗಳೂರಿನವರು, ಅವಳು ಹುಟ್ಟಿ ಬೆಳೆದದ್ದು ಮಲಾಡಿನಲ್ಲೇ. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವಾಗ ಮಾತ್ರ ಒಂದೊಂದು ಶಬ್ದಕ್ಕೂ ನಿಂತು ಯೋಚಿಸುತ್ತಾಳೆ.

ಸೀಟಿ ಊದಿದೆ. ಎಲ್ಲರೂ ಎದ್ದರು. ಮುಗಿದವರು ಶೆಡ್ಡಿನ ಕಡೆ ನಡೆದರು. ಒಂದನೆಯದು, ಎರಡನೆಯದು, ಮೂರನೆಯದು ನೋಡಿ ಕೊಟ್ಟೆ. ನಾಲ್ಕನೆಯದಕ್ಕೆ ಬಾಗಿದೆ. ಖಾಲಿ ಎಂದೆ. ಬೋಲ್ಟ್ ಮುಚ್ಚಿ ಲತಾಳ ಕಡೆ ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

“ಸರ್, ಸೆಕೆಂಡ್ ಯಾರು ನೋಡಿದ್ರು?”

ನನಗೆ ಸ್ವಲ್ಪ ಸಿಟ್ಟೇ ಬಂತು. ಬಿಸಿಲು, ಹಸಿವು. ಇದೇನು ಕೇಳುವ ಪ್ರಶ್ನೆ?

“ಮನೆಯವರು ನೋಡಿದರಲ್ಲ” ಎಂದೆ.

ಹೀಗೆಯೇ ಅಂದೆ. ನಿಮ್ಮಲ್ಲಿ ಯಾರಾದರೂ ಸ್ಟೇಷನ್ನಿನಲ್ಲಿ, ಟಿಕೆಟ್ ಯಾರ ಹತ್ತಿರ ಇದೆ ಎಂದು ಕೇಳಿದರೆ ಹೇಗೆ ಹೇಳುತ್ತೀರೋ ಹಾಗೆ. ನನ್ನ ಕಿವಿಗೆ ಅವಳ ‘ಖಾಲಿ ಐತಿ’ ಬಿದ್ದಿತ್ತು. ಬಿದ್ದಿತ್ತು ಎಂದೇ ಈಗಲೂ ಹೇಳುತ್ತೇನೆ.

ಲತಾ ನನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನಗಲಿಲ್ಲ. ಹೆದರಲೂ ಇಲ್ಲ. ಬಂದೂಕನ್ನು ನನ್ನ ಕೈಯಲ್ಲೇ ಇರಗೊಟ್ಟು, ಮೂತಿಯನ್ನು ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಮೆಲ್ಲಗೆ ಬೋಲ್ಟ್ ತೆರೆದಳು. ಕಿರುಬೆರಳು ಇಟ್ಟಳು.

“ಅಂದರ್ ಉಂಟು, ಸರ್.”

ಆಮೇಲೆ ತಿಳಿಯಿತು. ಅವಳು ಕೊನೆಯ ಗುಂಡು ತುಂಬಿದ ಹೊತ್ತಿಗೇ ನಾನು ಸೀಟಿ ಊದಿದ್ದೆ. ಬೋಲ್ಟ್ ತೆರೆದಾಗ ಗುಂಡು ಹುಲ್ಲಿನಲ್ಲಿ ಎಲ್ಲೋ ಹಾರಿ ಬಿತ್ತು ಎಂದುಕೊಂಡಿದ್ದಳು. ಗುಂಡನ್ನು ಹೊರಗೆಳೆಯುವ ಕೊಕ್ಕೆ ಆ ಬಂದೂಕಿನಲ್ಲಿ ಸವೆದಿದ್ದರಿಂದ ಗುಂಡು ಗೂಡಿನಲ್ಲೇ ಕೂತಿತ್ತು. ನಾನು ಮುಟ್ಟಿದ್ದರೆ ಬೆರಳಿಗೆ ಸಿಗುತ್ತಿತ್ತು. ನಾನು ಮುಟ್ಟಿರಲಿಲ್ಲ. ನೋಡಿಯೂ ಇರಲಿಲ್ಲ. ಬಾಯಿಲೆ ನೋಡಿದ್ದೆ.

ಅವಳು ಅದನ್ನು ಶೆಡ್ಡಿಗೆ ಒಯ್ದು ಕುದುರೆ ಒತ್ತಿದ್ದರೆ? ಪೆಟ್ಟಿಗೆಯ ಪಕ್ಕದ ಬೆಂಚಿನ ಮೇಲೆ ಮ್ಯಾನೇಜರು ಚಹಾ ಆರಿಸಿಕೊಳ್ಳುತ್ತ ಕೂತಿದ್ದರು. ಅವರಿಗೆ ಎರಡು ಸಣ್ಣ ಹೆಣ್ಣುಮಕ್ಕಳು. ಶನಿವಾರದ ಪಾಠಕ್ಕೆ ಒಮ್ಮೆ ಕರೆತಂದಿದ್ದರು.

ಸುಬೇದಾರ್ ಸಾಹೇಬರು ಮಂಡಿ ಹಿಡಿದುಕೊಂಡೇ ಬಂದರು. ಚಾಕುವಿನ ತುದಿಯಿಂದ ಅಂಚು ಎಬ್ಬಿಸಿ ಗುಂಡನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೋರೆಹಣ್ಣಿನ ಬೀಜಕ್ಕಿಂತ ಸಪೂರ. ಬೆಚ್ಚಗಿತ್ತು. ಲತಾ ಕೇಳಿದ್ದು, ನಾನು ಹೇಳಿದ್ದು ಅಷ್ಟೂ ಅವರಿಗೆ ಕೇಳಿಸಿತ್ತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕಲಿಸುವವರು ಕಟ್ಟುವ ತೋಳಿನ ಪಟ್ಟಿಯನ್ನು ನಾನು ಬಿಚ್ಚಿದೆ. ಇನ್ನು ಬರುವುದಿಲ್ಲ, ನನ್ನಿಂದಾಗದು ಎಂದೆ. ಆ ಪಟ್ಟಿಯನ್ನು ಹೊಲಿದವಳು ಸುಶೀಲಾ. ಅದನ್ನು ಬೇರೆ ಯಾರಿಗೋ ಕೊಡುವುದೇ ಎಂದು ಆ ಹೊತ್ತಿನಲ್ಲೂ ಅನಿಸಿತು.

ಅವರು ಪಟ್ಟಿ ತೆಗೆದುಕೊಳ್ಳಲಿಲ್ಲ.

“ಮಾಸ್ತರ್, ಅಗಲೇ ಇತವಾರ್ ಸೆ ಆಪ್ ದೂಸರೇ ನಂಬರ್ ಪರ್. ಪಹಿಲಾ ಯೇ ಲಡಕೀ ಬೋಲೇಗೀ.”

ಮುಂದಿನ ಭಾನುವಾರದಿಂದ ನಾನು ಎರಡನೆಯವನು, ಮೊದಲು ಹೇಳುವವಳು ಈ ಹುಡುಗಿ. ಅಷ್ಟು ಹೇಳಿ ಕುಂಟುತ್ತ ಶೆಡ್ಡಿಗೆ ಹೋದರು. ಅದು ಶಿಕ್ಷೆಯೋ ದಯೆಯೋ ನಾನು ಕೇಳಲಿಲ್ಲ.

ನಿನಗೆ ಗಾಬರಿಯಾಗಲಿಲ್ಲವೇ ಎಂದು ಹೊರಡುವಾಗ ಲತಾಳನ್ನು ಕೇಳಿದೆ. ನೀವೇ ಕಲಿಸಿದ್ದಲ್ಲವೇ ಎಂದಳು. ಹೌದು. ಹಿಂದಿನ ದಿನದ ಪಾಠದಲ್ಲಿ, ಎರಡನೆಯ ಮಾತು ಕೇಳುವವರೆಗೆ ನನ್ನ ಕೈಯಿಂದಲೂ ಬಂದೂಕು ತೆಗೆದುಕೊಳ್ಳಬೇಡಿ ಎಂದು ದೊಡ್ಡ ದನಿಯಲ್ಲಿ ಹೇಳಿದವನು ನಾನೇ.

ಆ ವಾರ ಇಡೀ ನನಗೆ ಒಂದೇ ಯೋಚನೆ. ನಾವು ದಿನಕ್ಕೆ ಎಷ್ಟು ಸಲ ಹೀಗೆ ನೋಡದೆ ಹೇಳುತ್ತೇವೆ? ಚಾಳಿನ ಮೆಟ್ಟಿಲಲ್ಲಿ ಎದುರಾದವರು ಆರಾಮವೇ ಎನ್ನುತ್ತಾರೆ. ಅಷ್ಟರಲ್ಲಿ ಮೂರು ಮೆಟ್ಟಿಲು ದಾಟಿರುತ್ತಾರೆ. ನಾನೂ ಆರಾಮ ಎನ್ನುತ್ತೇನೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಯಾರನ್ನೂ ದೂರುತ್ತಿಲ್ಲ. ಅವರಿಗೂ ಎಂಟು ಹದಿನೈದರ ಲೋಕಲ್ ಇದೆ. ಆದರೆ ಒಬ್ಬರಾದರೂ ನಿಂತು ತಿರುಗಿ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಅವರಿಗೂ ‘ಮನೆಯವರು ಚೆನ್ನಾಗಿದ್ದಾರೆ’ ಎಂದೇ ಹೇಳುತ್ತಿದ್ದೆನೇನೋ.

ಮೊನ್ನೆ ಭಾನುವಾರ ಹೋದೆ. ಎರಡನೆಯವರ ಜಾಗದಲ್ಲಿ ನಿಂತೆ.

ಅಷ್ಟು ವರ್ಷ ಆ ರೇಂಜಿನಲ್ಲಿ ಓಡಾಡಿದ್ದರೂ ಆ ಬದಿಯಲ್ಲಿ ನಾನು ಸರಿಯಾಗಿ ನಿಂತಿರಲಿಲ್ಲ. ಅಲ್ಲಿಂದ ಬೆಳಕು ನೇರ ಗೂಡಿನೊಳಗೆ ಬೀಳುತ್ತದೆ. ಕಾಣದೆ ಹೋಗುವ ಮಾತೇ ಇಲ್ಲ. ಇನ್ನೊಂದೂ ಕಾಣುತ್ತದೆ. ಮೊದಲಿನವರು ಬಾಗಿದಾಗ ಅವರ ಮುಖ ಪೂರ್ತಿ ನಿಮ್ಮ ಎದುರಿಗಿರುತ್ತದೆ. ರೆಪ್ಪೆ, ಬೆವರು, ಕಣ್ಣು ಎತ್ತ ಹೋಯಿತು ಎಲ್ಲ. ಲತಾ ತುಟಿ ಕಚ್ಚಿಕೊಂಡು ನೋಡುತ್ತಾಳೆ. ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ. ಗೊತ್ತಿದ್ದವಳು ಒಬ್ಬಳೇ. ವಾರಕ್ಕೆ ಆರು ಬಂದೂಕು, ಆರು ಸಲ ಅವಳು ಈ ಮುಖ ನೋಡುತ್ತಿದ್ದಳು. ಬಂದೂಕನ್ನು ಆಮೇಲೆ ನೋಡುತ್ತಿದ್ದಳು.

“ಖಾಲಿ” ಎಂದಳು ಲತಾ.

ನಾನು ಬಾಗಿದೆ. ಕಿರುಬೆರಳು ಇಟ್ಟೆ. ತೂತು ಸಿಕ್ಕಿತು.

ಬೆರಳು ತೆಗೆದು ಇನ್ನೊಮ್ಮೆ ಕಣ್ಣಿನಿಂದಲೂ ನೋಡಿದೆ.

“ಖಾಲಿ ಐತಿ” ಎಂದೆ.

ಆರು ಸಲ ಹೇಳಿದೆ. ಆರು ಸಲವೂ ನೋಡಿ ಹೇಳಿದೆ. ಕೊನೆಯದು ಪೆಟ್ಟಿಗೆ ಸೇರಿ ಟಕ್ ಎಂದ ಮೇಲೆ ಸಾಹೇಬರು ಚಹಾ ಕಳಿಸಿದರು. ಮ್ಯಾನೇಜರು ನನ್ನ ಪಕ್ಕದಲ್ಲೇ ಬಂದು ಕೂತು, ಇವತ್ತು ಒಂದು ಗುಂಡು ಬೋರ್ಡಿಗೆ ತಾಗಿದೆ ಮಾರಾಯ್ರೆ, ಪಕ್ಕದವರ ಬೋರ್ಡಿಗೆ ಎಂದರು. ನನಗೆ ನಗು ಬಂತು. ಹಿಂದಿನ ವಾರ ಏನಾಗುವುದಿತ್ತು ಎಂದು ಅವರಿಗೂ ಗೊತ್ತು. ಆ ಮಾತನ್ನು ಅವರು ಎತ್ತಲಿಲ್ಲ.

ಲೋಕಲ್‌ನಲ್ಲಿ ಒಬ್ಬನೇ ಬಂದೆ. ಜಾಗ ಸಿಕ್ಕಿತು. ಮೋಡ ಕಟ್ಟಿತ್ತು. ಮಳೆಗಾಲದಲ್ಲಿ ರೇಂಜ್ ಮುಚ್ಚುತ್ತಾರೆ, ಇನ್ನು ಗಣಪತಿ ಹಬ್ಬ ಕಳೆದ ಮೇಲೆಯೇ. ಅಲ್ಲಿಯವರೆಗೆ ಭಾನುವಾರಗಳೆಲ್ಲ ಖೋಲಿಯಲ್ಲೇ. ಕಿಟಕಿಯ ಉಳಿದ ಗಾಜುಗಳ ಕಪ್ಪು ಕಾಗದ ಹಾಗೇ ಇದೆ. ತೆಗೆಯಬೇಕು.

ಈ ವಾರದಿಂದ ಈ ಅಂಕಣದಲ್ಲಿ ‘ನಮ್ಮ ಮನೆಯವರು’ ಬರುವುದಿಲ್ಲ. ಧಾರಾವಿಯ ಓದುಗರೇ, ನಿಮ್ಮ ನಮಸ್ಕಾರವನ್ನು ನಾನು ಅವಳಿಗೆ ತಿಳಿಸಿಲ್ಲ. ಕ್ಷಮಿಸಿ.

ಬೆಳಿಗ್ಗೆ ಗಿರಣಿಗೆ ಹೊರಡುವಾಗ ಸ್ಟೋವ್ ಆರಿಸಿದೆ ಎಂದು ನಾನು ಹೇಳುತ್ತಿದ್ದೆ. ಅವಳು ಚಪ್ಪಲಿ ಕಳಚಿ ಒಳಗೆ ಹೋಗಿ ನೋಡಿ ಬಂದು, ‘ಆರೇತಿ’ ಎನ್ನುತ್ತಿದ್ದಳು. ಆಮೇಲೆ ಬೀಗ ಹಾಕುತ್ತಿದ್ದೆವು. ಈಗ ನಾನೇ ಚಪ್ಪಲಿ ಕಳಚಿ ಎರಡು ಸಲ ಹೋಗಿ ನೋಡುತ್ತೇನೆ. ಮುಟ್ಟಿಯೂ ನೋಡುತ್ತೇನೆ.

ಸ್ಟೋವ್ ಆರಿರುತ್ತದೆ. ತಿರುಗಿ ಹೇಳುವವರು ಇಲ್ಲ.